ಪಕ್ಕದ್ಮನೆಗೆ ಕೇಳ್ಸದಂಗೆ ಗಿಟಾರ್ ಆಂಪ್ ನುಡ್ಸೋದು, ನೇರವಾಗಿ ರೆಕಾರ್ಡ್ ಮಾಡೋದು: ಏನ್ ತಗೋಬೇಕು, ಏನ್ ಬಿಡ್ಬೇಕು

ದಾವಣಗೆರೆಯ ಪಿ.ಜೆ. ಬಡಾವಣೆ, ನಿಟ್ಟುವಳ್ಳಿ, ಕೆ.ಟಿ.ಜೆ. ನಗರ ಇಂಥ ಕಡೆ ಒತ್ತೊತ್ತಾಗಿರೋ ಮನೆಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ಇಟ್ಕೊಂಡಿರೋರ ಕಥೆ ಎಲ್ರುದ್ದೂ ಒಂದೇ, ಆಂಪ್ ವಾಲ್ಯೂಮ್ ಎರಡರ ಮೇಲೆ ತಿರುಗ್ಸಂಗಿಲ್ಲ, ತಿರುಗ್ಸಿದ್ರೆ ಪಕ್ಕದ್ಮನೆ ಆಂಟಿ ಕಾಂಪೌಂಡ್ ಹತ್ರ ಬಂದು "ಏನಪ್ಪ, ನಮ್ಮ ಹುಡುಗಿಗೆ ಪಿಯುಸಿ ಪರೀಕ್ಷೆ ಐತೆ ಕಣಪ್ಪ" ಅಂತಾರೆ, ಎರಡರಲ್ಲೇ ಇಟ್ರೆ ಟೋನ್‌ಗೆ ಜೀವನೇ ಇರಲ್ಲ. ಆಂಟಿದೇನೂ ತಪ್ಪಿಲ್ಲ ಬಿಡಿ. 2000ನೇ ಇಸ್ವಿಯ ಶಬ್ದಮಾಲಿನ್ಯ ನಿಯಮ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ 45 ಡೆಸಿಬಲ್ ಅಂತ ಗೆರೆ ಹಾಕೈತೆ, ಗಿಟಾರ್ ಆಂಪ್ ಆ ಗೆರೆನ ಒಂದೇ ಕಾರ್ಡ್ (ಸ್ವರಗುಚ್ಛ) ಬಾರಿಸಿದ್ರೆ ದಾಟುತ್ತೆ.

ಇದಕ್ಕೆ ಪರಿಹಾರ ಅಂತ ಮಾರ್ಕೆಟ್‌ನಲ್ಲಿ ಒಂದು ರಾಶಿ ಡಬ್ಬಿಗಳು ಅದಾವೆ. ಲೋಡ್ ಬಾಕ್ಸು, ಅಟೆನ್ಯುಯೇಟರು, ಮಾಡೆಲರು, ಹೆಡ್‌ಫೋನ್ ಆಂಪು, ಪ್ಲಗಿನ್ನು. ಯೂಟ್ಯೂಬ್ ನೋಡ್ತಾ ಕೂತ್ರೆ ಎಲ್ಲಾ ಬೇಕು ಅನ್ಸುತ್ತೆ. ಅದಕ್ಕೇ ಅಂಗಡಿ ಪೇಜ್ ತೆಗೆಯೋಕೆ ಮುಂಚೆ ಒಂದು ವಿಷ್ಯ ತಲೇಲಿ ಕೂರಿಸ್ಕೊಳ್ಳಿ, ಆಮೇಲೆ ಪ್ರತಿ ಡಬ್ಬಿನೂ ಅದರ ಮೇಲೆ ಅಳೀರಿ.

1. ಯಾವ ಡಬ್ಬಿ ಆದ್ರೂ ಎರಡು ಪ್ರಶ್ನೆ ಕೇಳಿ

ಒಂದು, ಆಂಪ್‌ನಿಂದ ಹೊರಡೋ ಪವರ್ ಎಲ್ಲಿಗೆ ಹೋಗುತ್ತೆ? ಎರಡು, ಸ್ಪೀಕರ್ ಕೆಲಸ ಯಾರು ಮಾಡ್ತಾರೆ?

ಎರಡನೇದು ಜನ ಮರೆಯೋದು. ಗಿಟಾರ್ ಸ್ಪೀಕರ್ ಅಂದ್ರೆ ಹಾಡು ಕೇಳೋ ಸ್ಪೀಕರ್ ತರ ಅಲ್ಲ, 12 ಇಂಚಿನ ಒಂದು ಕೋನ್, ಟ್ವೀಟರ್ ಇಲ್ಲ, 5 ಕಿಲೋಹರ್ಟ್ಜ್ ದಾಟಿದ ಮೇಲೆ ಅದು ಹೆಚ್ಚುಕಮ್ಮಿ ಕೈಚೆಲ್ಲುತ್ತೆ. ಡಿಸ್ಟಾರ್ಷನ್‌ನಿಂದ (ಬೇಕಂತಲೇ ಸೌಂಡ್ ಒಡೆಸೋದು) ಹುಟ್ಟೋ ಕಿರಿಕಿರಿ ಹೈ ಎಲ್ಲಾನೂ ಅದು ಸೋಸಿ ಬಿಡೋದ್ರಿಂದಲೇ ನಮ್ಗೆ ಆ ಸೌಂಡ್ ದಪ್ಪ, ಸಿಹಿ ಅನ್ಸೋದು. ಸ್ಪೀಕರ್ ತೆಗೆದು ಹಾಕಿ ಡಿಸ್ಟಾರ್ಷನ್ ಪೆಡಲ್‌ನ ನೇರ ಲ್ಯಾಪ್‌ಟಾಪ್‌ಗೆ ಹಾಕಿ ಕೇಳಿ, ಜಿರ್ರ್ ಅಂತ ಕಿವಿ ಕೆರೆಯುತ್ತೆ, "ಡೈರೆಕ್ಟ್ ರೆಕಾರ್ಡಿಂಗ್ ಅಂದ್ರೆ ಹಿಂಗೇ ಬಿಡು" ಅಂತ ಕೈಬಿಟ್ಟೋರು ಎಷ್ಟೋ ಜನ. ಪೆಡಲ್‌ದಲ್ಲ ತಪ್ಪು, ಸ್ಪೀಕರ್ ಕೆಲಸಕ್ಕೆ ಯಾರನ್ನೂ ಇಟ್ಟಿಲ್ಲ ಅಷ್ಟೇ.

2. ಕಮ್ಮಿ ವ್ಯಾಟ್ ಆಂಪ್ ತಗೊಂಡ್ರೆ ಸಾಕಲ್ವಾ? ಸಾಕಾಗಲ್ಲ

"ನಂದು ಬರೀ 5 ವ್ಯಾಟ್ ಟ್ಯೂಬ್ ಆಂಪು (ಒಳಗೆ ಗಾಜಿನ ವಾಲ್ವ್ ಇರೋದು), ಮನೇಲಿ ಫುಲ್ ಇಟ್ರೂ ನಡೆಯುತ್ತೆ" ಅನ್ನೋರು ಒಂದ್ಸಲ ಲೆಕ್ಕ ಹಾಕ್ಬೇಕು. ಪವರ್ ಅರ್ಧ ಆದ್ರೆ ಕಮ್ಮಿ ಆಗೋದು 3 ಡೆಸಿಬಲ್ ಮಾತ್ರ. ಹತ್ತರಲ್ಲಿ ಒಂದು ಭಾಗಕ್ಕೆ ಇಳಿದ್ರೆ 10 ಡೆಸಿಬಲ್, ಅಂದ್ರೆ ಕಿವಿಗೆ ಸುಮಾರು ಅರ್ಧ ಸೌಂಡ್ ಅನ್ಸುತ್ತೆ. ಸೆಲೆಶನ್ ವಿಂಟೇಜ್ 30 ಅನ್ನೋ ಸ್ಪೀಕರ್ ಎಲ್ಲರಿಗೂ ಗೊತ್ತು, ಅದರ ರೇಟಿಂಗು 1 ವ್ಯಾಟ್ ಕೊಟ್ರೆ 1 ಮೀಟರ್ ದೂರದಲ್ಲಿ 100 ಡೆಸಿಬಲ್. ಅದಕ್ಕೆ 50 ವ್ಯಾಟ್ ಕೊಟ್ರೆ 117, 5 ವ್ಯಾಟ್ ಕೊಟ್ರೆ 107. ಅಂದ್ರೆ 50 ವ್ಯಾಟ್ ಬಿಟ್ಟು 5 ವ್ಯಾಟ್‌ಗೆ ಬಂದೋನು ಇನ್ನೂ ಬೀದಿಗೇ ಕೇಳಿಸ್ತಾ ಇರ್ತಾನೆ. ಅರ್ಧ ವ್ಯಾಟ್ ಅಂದ್ರೂ 97 ಆಯ್ತಪ್ಪ. ಹಂಗಾಗಿ ಸದ್ದು ಇಲ್ಲದಂಗೆ ಮಾಡೋಕೆ ಒಂದೇ ದಾರಿ, ಮನೇಲಿ ಕೋನ್ ಅಲ್ಲಾಡಬಾರದು.

3. ಈಗಿರೋ ಆಂಪ್‌ನ ತಿರುಗಿಸಿ ಹಿಂದಗಡೆ ಓದಿ

ಹೊಸದು ತಗೊಳ್ಳೋಕೆ ಮುಂಚೆ ಇರೋದನ್ನ ನೋಡಿ, ಅರ್ಧ ಜನಕ್ಕೆ ಇಲ್ಲೇ ಕೆಲಸ ಮುಗಿಯುತ್ತೆ.

ಹೆಡ್‌ಫೋನ್ ಔಟ್ ಅಥವಾ ರೆಕ್ (ರೆಕಾರ್ಡಿಂಗ್) ಔಟ್ ಅಂತ ಇದ್ರೆ, ಅದಕ್ಕೆ ಜಾಕ್ ಹಾಕಿದ ತಕ್ಷಣ ಸ್ಪೀಕರ್ ಬಂದ್ ಆಗ್ತಿದ್ರೆ, ಸಾಮಾನ್ಯವಾಗಿ ಒಳಗೇ ಸ್ಪೀಕರ್ ಸಿಮ್ಯುಲೇಶನ್ (ಸ್ಪೀಕರ್ ಕೆಲಸದ ನಕಲು) ಇರುತ್ತೆ. ಬಾಸ್ ಕಂಪನಿಯ ಕಟಾನ 50 ತರದ ಆಂಪ್‌ಗಳಲ್ಲಿ ಇದೂ ಐತೆ, ಯುಎಸ್‌ಬಿನೂ ಐತೆ, ಒಂದು ವೈರ್ ಲ್ಯಾಪ್‌ಟಾಪ್‌ಗೆ ಹಾಕಿದ್ರೆ ಆಂಪೇ ಆಡಿಯೋ ಇಂಟರ್ಫೇಸ್ (ಗಿಟಾರ್ ಸಿಗ್ನಲ್‌ನ ಕಂಪ್ಯೂಟರ್‌ಗೆ ಮುಟ್ಟಿಸೋ ಡಬ್ಬಿ) ಆಗುತ್ತೆ. ಯಮಹಾ ಟಿಎಚ್‌ಆರ್ ಇರೋರಿಗೂ ಹಂಗೇ. ಇಂಥೋರು ಹೆಡ್‌ಫೋನ್ ತಗೊಂಡು ಕೆಳಗಡೆ 7ಕ್ಕೆ ಹೋಗಿ, ಮಧ್ಯದ್ದು ನಿಮಗೆ ಬೇಡ.

ಎಫ್‌ಎಕ್ಸ್ ಸೆಂಡ್ (ಎಫೆಕ್ಟ್ ಪೆಡಲ್‌ಗೆ ಸಿಗ್ನಲ್ ಕಳ್ಸೋ ಜಾಕ್) ಇದ್ರೆ ಅದು ಪ್ರೀಆಂಪ್‌ನ (ಆಂಪ್‌ನ ಮೊದಲ ಹಂತದ) ಸೌಂಡು, ಲೈನ್ ಲೆವೆಲ್ಲು, ಅಂದ್ರೆ ಸಣ್ಣ ವೋಲ್ಟೇಜು, ಇಂಟರ್ಫೇಸ್‌ಗೆ ಹಾಕಬಹುದು. ಆದ್ರೆ ಸ್ಪೀಕರ್ ಕೆಲಸ ಬೇರೆಯವರು ಮಾಡ್ಬೇಕು. ಟ್ಯೂಬ್ ಆಂಪ್ ಆದ್ರೆ ಸೆಂಡ್ ತಗೊಂಡ ಮಾತ್ರಕ್ಕೆ ಸ್ಪೀಕರ್ ಬಿಚ್ಚಂಗಿಲ್ಲ, ಅದು ತಗಲಾಕಿಕೊಂಡೇ ಇರಲಿ.

ಇನ್ನು ಸ್ಪೀಕರ್ ಔಟ್. ಎಂಸಿಸಿ ಬಿ ಬ್ಲಾಕ್ ಕಡೆ ಹುಡುಗ ಒಬ್ಬ ಸೆಕೆಂಡ್ ಹ್ಯಾಂಡ್ 50 ವ್ಯಾಟ್ ಟ್ಯೂಬ್ ಹೆಡ್ (ಸ್ಪೀಕರ್ ಇಲ್ಲದ ಆಂಪ್) ತಂದು, ಸ್ಪೀಕರ್ ಕ್ಯಾಬಿನೆಟ್ ತಗೊಳ್ಳೋಕೆ ದುಡ್ಡಿಲ್ಲ ಅಂತ ಸ್ಪೀಕರ್ ಔಟ್‌ನಿಂದ ಒಂದು ಗಿಟಾರ್ ಕೇಬಲ್ ಎಳ್ಕೊಂಡು ಕೂತಿದ್ದ, ಇನ್ನೊಂದು ತುದಿ ಕೈಲಿ ಇತ್ತು.

"ಅಣ್ಣ, ಜಾಕ್ ಒಂದೇ ಸೈಜ್ ಐತೆ, ಇಂಟರ್ಫೇಸ್‌ಗೆ ಹಾಕ್ಲಾ?"

"ಏ ತಡಿಯಪ್ಪ, ಮೊದ್ಲು ಆಂಪ್ ಆಫ್ ಮಾಡು."

ಜಾಕ್ ಒಂದೇ, ಒಳಗೆ ಹರಿಯೋದು ಬೇರೆ. 50 ವ್ಯಾಟ್ 8 ಓಮ್‌ಗೆ ಹೋಗುವಾಗ ಅಲ್ಲಿ 20 ವೋಲ್ಟ್ ಇರುತ್ತೆ, ಇಂಟರ್ಫೇಸ್ ಕಾಯೋದು ಪ್ರೊಫೆಷನಲ್ ಲೈನ್ ಲೆವೆಲ್ ಅಂದ್ರೂ 1.23 ವೋಲ್ಟ್ ಆಸುಪಾಸು. ಇಂಟರ್ಫೇಸ್ ಸುಡೋದು ಒಂದು ಕಡೆ, ಇನ್ನೊಂದು ಕಡೆ ಆಂಪ್ ಪಾಲಿಗೆ ಅದು ಲೋಡೇ ಅಲ್ಲ. ಟ್ಯೂಬ್ ಆಂಪ್‌ಗೆ ಲೋಡ್ ಇಲ್ದೆ ಸಿಗ್ನಲ್ ಕೊಟ್ರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ಎದ್ದು ಇನ್ಸುಲೇಶನ್ ತೂತು ಬೀಳುತ್ತೆ, ಟ್ಯೂಬ್ ಸಾಕೆಟ್‌ನಲ್ಲಿ ಕಿಡಿ ಹಾರಬಹುದು. ಟ್ರಾನ್ಸ್‌ಫಾರ್ಮರ್ ಹೋದ್ರೆ ರಿಪೇರಿಗೆ ಬೆಂಗಳೂರು ತನಕ ಹೊತ್ಕೊಂಡು ಹೋಗ್ಬೇಕು, ತೂಕನೂ ಅದೇ ಟ್ರಾನ್ಸ್‌ಫಾರ್ಮರ್‌ದೇ. ಟ್ರಾನ್ಸಿಸ್ಟರ್ ಆಂಪ್‌ಗಳಿಗೆ ಸಾಮಾನ್ಯವಾಗಿ ಈ ಕಾಟ ಇಲ್ಲ, ಸ್ಪೀಕರ್ ಬಿಚ್ಚಿದ್ರೂ ಬದುಕ್ಕೊಳ್ತಾವೆ, ಬರೆದಿರೋ ಓಮ್‌ಗಿಂತ ಕಮ್ಮಿ ಓಮ್ ಹಾಕಿದ್ರೆ ಮಾತ್ರ ಅವಕ್ಕೆ ಕಷ್ಟ.

4. ಟ್ಯೂಬ್ ಆಂಪ್ ಇರೋರಿಗೆ: ಲೋಡ್ ಬಾಕ್ಸ್ ಆರಿಸೋದು

ಲೋಡ್ ಬಾಕ್ಸ್ ಮೊದಲನೇ ಪ್ರಶ್ನೆಗೆ ಉತ್ತರ. ಸ್ಪೀಕರ್ ಜಾಗದಲ್ಲಿ ಕೂತು ಆಂಪ್‌ನ ಪವರ್ ಎಲ್ಲಾನೂ ತಾನು ನುಂಗಿ ಬಿಸಿ ಮಾಡಿ ಬಿಡುತ್ತೆ, ಅದರಲ್ಲಿ ಚೂರು ಸಿಗ್ನಲ್ ಮಾತ್ರ ಲೈನ್ ಔಟ್‌ಗೆ ಕೊಡುತ್ತೆ. ಅಟೆನ್ಯುಯೇಟರ್ ಅಂದ್ರೆ ಅದರ ಅಣ್ಣತಮ್ಮ, ಪೂರ್ತಿ ನುಂಗಲ್ಲ, ಸ್ವಲ್ಪ ಸ್ಪೀಕರ್‌ಗೂ ಬಿಡುತ್ತೆ. ಎರಡೂ ಕೆಲಸ ಮಾಡೋವೂ ಅದಾವೆ. ರಾತ್ರಿ ಪೂರ್ತಿ ಸೈಲೆಂಟ್ ಬೇಕು ಅಂದ್ರೆ ಬರೀ ಅಟೆನ್ಯುಯೇಟರ್ ತಗೋಬೇಡಿ, ಸ್ಪೀಕರ್ ಇಲ್ದೆ ಓಡುತ್ತಾ ಅಂತ ಕೇಳೇ ತಗೊಳ್ಳಿ.

ಮೊದ್ಲು ಓಮ್, ಅಂದ್ರೆ ಕರೆಂಟ್‌ಗೆ ಎಷ್ಟು ತಡೆ ಒಡ್ಡುತ್ತೆ ಅನ್ನೋ ಅಳತೆ (ಇಂಪಿಡೆನ್ಸ್). ಆಂಪ್ ಹಿಂದೆ 4, 8, 16 ಅಂತ ಬರೆದಿರುತ್ತೆ, ಆಂಪ್‌ನ 8ರ ಜಾಕ್‌ನಿಂದ 8 ಓಮ್ ಲೋಡ್‌ಗೆ, ಇದರಲ್ಲಿ ಜಾಣತನ ಬೇಡ. ಟೂ ನೋಟ್ಸ್ ಕ್ಯಾಪ್ಟರ್ ತರದವು ಒಂದೊಂದು ಓಮ್‌ಗೆ ಒಂದೊಂದು ಪೀಸ್ ಬರ್ತಾವೆ, ಆರ್ಡರ್ ಮಾಡೋವಾಗ ನೋಡ್ದೆ ಒತ್ತಿಬಿಟ್ರೆ ವಾಪಸ್ ಕಳ್ಸೋ ತಲೆನೋವು. ಯೂನಿವರ್ಸಲ್ ಆಡಿಯೋ ಆಕ್ಸ್‌ನಲ್ಲಿ ಮೂರೂ ಓಮ್‌ಗೆ ಜಾಗ ಐತೆ, ಆದ್ರೆ ಅದರ ರೇಟ್ ಕೇಳಿದ ಮೇಲೆ ಒಂದು ಲೋಟ ನೀರು ಕುಡೀಬೇಕು.

ಆಮೇಲೆ ವ್ಯಾಟ್. ಆಂಪ್ ಮೇಲೆ 50 ಅಂತ ಇದ್ರೂ ಫುಲ್ ತಿರುಗಿಸಿ ಕ್ರಂಚ್ ಮಾಡಿದಾಗ ಅದಕ್ಕಿಂತ ಜಾಸ್ತಿ ಬರುತ್ತೆ, 50 ವ್ಯಾಟ್ ಅಂದ್ರೆ ಕ್ಲೀನ್ ಆಗಿರೋವಾಗಿನ ಲೆಕ್ಕ. 50ಕ್ಕೆ 100 ವ್ಯಾಟ್‌ನ ಲೋಡ್ ಇಟ್ರೆ ನೆಮ್ಮದಿ. ಬಿಸಿ ಬಗ್ಗೆನೂ ಯೋಚನೆ ಮಾಡಿ, ಏಪ್ರಿಲ್‌ನಲ್ಲಿ ನಮ್ಮೂರಲ್ಲಿ ಕಿಟಕಿ ಮುಚ್ಚಿದ ರೂಮ್‌ನಲ್ಲಿ ಆ ಡಬ್ಬಿನ ಕಪಾಟಿನೊಳಗೆ ಬೆಡ್‌ಶೀಟ್ ಪಕ್ಕ ಇಟ್ರೆ ಏನಾಗುತ್ತೆ ಅಂತ ನಾನು ಹೇಳೋದೇ ಬೇಡ. ಸುತ್ತ ಗಾಳಿ ಆಡ್ಲಿ.

ಮೂರನೇದು ರಿಯಾಕ್ಟಿವ್ವಾ ರೆಸಿಸ್ಟಿವ್ವಾ ಅನ್ನೋದು, ಇಲ್ಲಿ ದುಡ್ಡು ಜಾಸ್ತಿ ಕೊಡೋದಕ್ಕೆ ಅರ್ಥ ಐತೆ. 8 ಓಮ್ ಸ್ಪೀಕರ್ ಅನ್ನೋದು ಹೆಸರಿಗೆ 8. 80ರಿಂದ 120 ಹರ್ಟ್ಜ್ ಹತ್ರ ಅದರ ರೆಸೊನೆನ್ಸ್ ಇರೋ ಕಡೆ ಇಂಪಿಡೆನ್ಸ್ ಹಲವು ಪಟ್ಟು ಮೇಲೇಳುತ್ತೆ, ಆಮೇಲೆ ಇಳಿದು, ಹೈ ಕಡೆ ಹೋಗ್ತಾ ವಾಯ್ಸ್ ಕಾಯಿಲ್‌ನಿಂದಾಗಿ ಮತ್ತೆ ಏರುತ್ತೆ. ಟ್ಯೂಬ್ ಆಂಪು ಈ ಏರಿಳಿತಕ್ಕೆ ತಕ್ಕಂತೆ ತನ್ನ ಸೌಂಡ್ ಬದಲಾಯಿಸ್ಕೊಳ್ಳುತ್ತೆ, ಪಾಮ್ ಮ್ಯೂಟ್ ಮಾಡಿದಾಗ ಆ ದುಬ್ ಅನ್ನೋದು, ಮೇಲಿನ ಹೊಳಪು ಎರಡೂ ಅಲ್ಲಿಂದ ಬರೋದು. ರೆಸಿಸ್ಟಿವ್ ಲೋಡ್ ಅಂದ್ರೆ ಬರೀ ದೊಡ್ಡ ರೆಸಿಸ್ಟರು, ಎಲ್ಲಾ ಕಡೆ 8 ಓಮೇ, ಹಂಗಾಗಿ ಆಂಪ್ ಸಪ್ಪೆ, ಬಿಗಿ ಅನ್ಸುತ್ತೆ. ರಿಯಾಕ್ಟಿವ್ ಲೋಡ್ ಒಳಗೆ ಕಾಯಿಲ್, ಕೆಪಾಸಿಟರ್ ಇಟ್ಟು ಆ ಏರಿಳಿತನ ಅನುಕರಣೆ ಮಾಡಿರ್ತಾರೆ. ಕ್ಲೀನ್ ಜಾಸ್ತಿ ನುಡ್ಸೋರಿಗೆ, ಆಂಪ್ ಕಮ್ಮಿ ವಾಲ್ಯೂಮ್‌ನಲ್ಲಿ ಇಡೋರಿಗೆ ವ್ಯತ್ಯಾಸ ಅಷ್ಟು ಕಾಡಲ್ಲ. ಪವರ್ ಟ್ಯೂಬ್‌ನ ಒದರಿಸಿ ನುಡ್ಸೋಕೇ ಲೋಡ್ ಬಾಕ್ಸ್ ತಗೊಳ್ತಾ ಇದೀರಿ ಅಂದ್ರೆ ರಿಯಾಕ್ಟಿವ್ವೇ ತಗೊಳ್ಳಿ, ಇಲ್ಲಾಂದ್ರೆ ಯಾತಕ್ಕೆ ಆ ಖರ್ಚು?

ನಾಲ್ಕನೇದು, ಒಳಗೆ ಕ್ಯಾಬ್ (ಸ್ಪೀಕರ್ ಕ್ಯಾಬಿನೆಟ್) ಸಿಮ್ಯುಲೇಶನ್, ಹೆಡ್‌ಫೋನ್ ಜಾಕ್ ಐತಾ ಅಂತ. ಸೂರ್ ರಿಯಾಕ್ಟಿವ್ ಲೋಡ್ ಅನ್ನೋದು ಬರೀ ಲೋಡು ಮತ್ತು ಲೈನ್ ಔಟ್, ಸ್ಪೀಕರ್ ಕೆಲಸ ಕಂಪ್ಯೂಟರ್‌ನಲ್ಲಿ ಆಗ್ಬೇಕು. ಕ್ಯಾಪ್ಟರ್ ಎಕ್ಸ್, ಆಕ್ಸ್ ಇವುಗಳಲ್ಲಿ ಎರಡೂ ಒಳಗೇ ಐತೆ, ಲ್ಯಾಪ್‌ಟಾಪ್ ತೆಗೀದೆ ಹೆಡ್‌ಫೋನ್ ಹಾಕ್ಕೊಂಡು ನುಡಿಸಬಹುದು. ಕೆಲಸ ಮುಗಿಸ್ಕೊಂಡು ರಾತ್ರಿ ಬಂದು ಅರ್ಧ ಗಂಟೆ ನುಡ್ಸೋ ಜೀವಕ್ಕೆ ಲ್ಯಾಪ್‌ಟಾಪ್ ಆನ್ ಮಾಡಿ ಅಪ್‌ಡೇಟ್ ಕಾಯೋದೇ ಒಂದು ಶಿಕ್ಷೆ, ಹಂಗಾಗಿ ನನ್ನ ಓಟು ಎರಡನೇ ತರದ್ದಕ್ಕೆ.

ಕೇಬಲ್ ವಿಷ್ಯ ಒಂದೇ ಮಾತಲ್ಲಿ: ಆಂಪ್‌ನಿಂದ ಲೋಡ್ ಬಾಕ್ಸ್‌ಗೆ ಸ್ಪೀಕರ್ ಕೇಬಲ್ಲೇ ಬೇಕು, ಗಿಟಾರ್ ಕೇಬಲ್ ಅಲ್ಲ, ಗಿಟಾರ್ ಕೇಬಲ್‌ನ ಒಳಗಿನ ಎಳೆ ಸಣ್ಣದು, ಬಿಸಿ ಆಗಿ ಕರಗಿದ್ರೆ ಆಂಪ್‌ಗೆ ಲೋಡ್ ತಪ್ಪಿಹೋಗುತ್ತೆ. ಊರಲ್ಲಿ ಆರ್ಕೆಸ್ಟ್ರಾ, ಗಣೇಶನ ಪೆಂಡಾಲ್‌ಗೆ ಸೌಂಡ್ ಸಿಸ್ಟಮ್ ಬಾಡಿಗೆ ಕೊಡೋರ ಹತ್ರ ಹೋದ್ರೆ ಒಂದು ಮೀಟರ್ ಸ್ಪೀಕರ್ ವೈರ್‌ಗೆ ಎರಡು ಕಡೆ ಕಾಲಿಂಚಿನ ಜಾಕ್ ಬೆಸುಗೆ ಹಾಕಿ ಕೊಡ್ತಾರೆ, ಬ್ರ್ಯಾಂಡೆಡ್ ಕೇಬಲ್‌ನ ಕಾಲು ಭಾಗ ದುಡ್ಡೂ ಆಗಲ್ಲ.

ಇನ್ನೊಂದು, ಸೈಲೆಂಟ್ ಆಯ್ತು ಅಂತ ಆಂಪ್‌ನ ದಿನಾ ಹತ್ತರಲ್ಲಿ ಇಟ್ರೆ ಪವರ್ ಟ್ಯೂಬ್ ಬೇಗ ಸವೆಯುತ್ತೆ. ಸದ್ದು ಕೇಳ್ಸಲ್ಲ ಅಷ್ಟೇ, ಆಂಪ್ ಪೂರ್ತಿ ದುಡೀತಾನೇ ಇರುತ್ತೆ.

5. ಆಂಪೇ ಇಲ್ದೋರಿಗೆ ಕಥೆ ಸುಲಭ

ನಿಜ ಹೇಳ್ಬೇಕಂದ್ರೆ ಮನೇಲಿ ಮಾತ್ರ ನುಡ್ಸೋರು, ಟ್ಯೂಬ್ ಆಂಪ್ ಇನ್ನೂ ತಗೊಂಡಿಲ್ಲ ಅನ್ನೋರು ಟ್ಯೂಬ್ ಆಂಪ್ ಪ್ಲಸ್ ಲೋಡ್ ಬಾಕ್ಸ್ ದಾರಿಗೆ ಬರಲೇಬೇಡಿ. ಅದು ಆಂಪ್ ಈಗಾಗ್ಲೇ ಇದ್ದು ಅದರ ಮೇಲೆ ಪ್ರೀತಿ ಇರೋರ ದಾರಿ.

ತೀರಾ ಕಮ್ಮಿ ದುಡ್ಡಲ್ಲಿ ಅಂದ್ರೆ ಗಿಟಾರ್ ಜಾಕ್‌ಗೇ ಚುಚ್ಚೋ ಹೆಡ್‌ಫೋನ್ ಆಂಪ್‌ಗಳು, ವಾಕ್ಸ್ ಆಂಪ್‌ಪ್ಲಗ್, 2021ರಲ್ಲಿ ಬಂದ ಫೆಂಡರ್ ಮಸ್ಟಾಂಗ್ ಮೈಕ್ರೋ, ನಕ್ಸ್ ಮೈಟಿ ಪ್ಲಗ್ ಈ ತರದ್ದು. ಬ್ಯಾಟರಿಲಿ ಓಡ್ತಾವೆ, ಬೆಸ್ಕಾಂನೋರು ಕರೆಂಟ್ ತೆಗೆದಾಗಲೂ ಅಭ್ಯಾಸ ನಿಲ್ಲಲ್ಲ, ಅದು ಸಣ್ಣ ಲಾಭ ಅಲ್ಲ. ಪ್ರಾಕ್ಟೀಸ್‌ಗೆ ಚೆನ್ನ, ರೆಕಾರ್ಡಿಂಗ್‌ಗೆ ಅಷ್ಟಕ್ಕಷ್ಟೆ.

ಅದಕ್ಕೂ ಮೇಲಿಂದು ಮಲ್ಟಿ ಎಫೆಕ್ಟ್ ಮಾಡೆಲರ್. ಬಾಸ್ ಜಿಟಿ 1, ಮೂರ್, ವಾಲೆಟಾನ್‌ನಿಂದ ಹಿಡ್ದು ಲೈನ್ 6 ಎಚ್‌ಎಕ್ಸ್ ಸ್ಟಾಂಪ್ ತನಕ. ಆಂಪ್, ಕ್ಯಾಬ್, ಪೆಡಲ್ ಎಲ್ಲಾ ಒಳಗೆ, ಸ್ಪೀಕರ್ ಕೆಲಸನೂ ಒಳಗೇ. ತಗೊಳ್ಳೋಕೆ ಮುಂಚೆ ಯುಎಸ್‌ಬಿ ಆಡಿಯೋ ಐತಾ, ನಮ್ದೇ ಐಆರ್ ಫೈಲ್ (ಸ್ಪೀಕರ್ ಕೆಲಸ ಮಾಡೋ ಫೈಲು, ಕೆಳಗೆ 6ರಲ್ಲಿ ಐತೆ) ಹಾಕೋಕೆ ಬರುತ್ತಾ, ಹೆಡ್‌ಫೋನ್ ಜಾಕ್ ಐತಾ ಈ ಮೂರು ನೋಡಿ. ಮುಂದೆ ಆರ್ಕೆಸ್ಟ್ರಾ ಸ್ಟೇಜ್‌ಗೆ ಹೋದ್ರೂ ಅದನ್ನೇ ನೇರ ಮಿಕ್ಸರ್‌ಗೆ ಹಾಕಬಹುದು, ಅದಕ್ಕೇ ನಮ್ಮೂರಲ್ಲಿ ಪ್ರೋಗ್ರಾಂ ಕೊಡೋ ಹುಡುಗ್ರಿಗೆ ನಾನು ಮೊದ್ಲು ಹೇಳೋದು ಇದನ್ನೇ.

ಇನ್ನು ಲ್ಯಾಪ್‌ಟಾಪ್ ಇರೋರಿಗೆ ಪ್ಲಗಿನ್, ಅಂದ್ರೆ ಆಂಪ್ ಕೆಲಸ ಮಾಡೋ ಸಾಫ್ಟ್‌ವೇರ್. ನ್ಯೂರಲ್ ಆಂಪ್ ಮಾಡೆಲರ್ ಅಂತ ಒಂದು ಐತೆ, ಸ್ಟೀವನ್ ಅಟ್ಕಿನ್ಸನ್ ಅನ್ನೋರು ಮಾಡಿದ್ದು, ಓಪನ್ ಸೋರ್ಸ್, ಒಂದು ರೂಪಾಯಿ ಕೊಡಂಗಿಲ್ಲ. ನಿಜವಾದ ಆಂಪ್‌ನ ಸೌಂಡ್ ಕಲಿತಿರೋ ಫೈಲ್‌ಗಳನ್ನ ಜನ ಫ್ರೀಯಾಗಿ ಹಂಚ್ತಾರೆ, ಇಳಿಸ್ಕೊಂಡು ಹಾಕೋದು ಅಷ್ಟೇ. ಆ ಫೈಲ್‌ಗಳಲ್ಲಿ ಎಷ್ಟೋ ಬರೀ ಹೆಡ್‌ದು, ಕ್ಯಾಬಿನೆಟ್ ಸೇರಿರಲ್ಲ, ಅಲ್ಲಿ ಐಆರ್ ಹಾಕ್ದೆ ಕೇಳಿದ್ರೆ ಮತ್ತೆ ಅದೇ ಜಿರ್ರ್. ಇಲ್ಲೂ ನೋಡಿ, ಎರಡನೇ ಪ್ರಶ್ನೆ ಬಿಡಲ್ಲ.

6. ಐಆರ್: ಸ್ಪೀಕರ್ ಜಾಗಕ್ಕೆ ಒಂದು ಸಣ್ಣ ಫೈಲ್

ಇಂಪಲ್ಸ್ ರೆಸ್ಪಾನ್ಸ್ ಅಂದ್ರೆ ಒಂದು ಕ್ಯಾಬಿನೆಟ್ ಮುಂದೆ ಮೈಕ್ ಇಟ್ಟು, ಆ ಕ್ಯಾಬಿನೆಟ್ಟು, ಆ ಮೈಕು, ಆ ಜಾಗ ಸೇರಿ ಸೌಂಡ್‌ನ ಹೆಂಗೆ ಬದಲಾಯಿಸ್ತಾವೆ ಅನ್ನೋದನ್ನ ಹಿಡಿದಿಟ್ಟ ವೇವ್ ಫೈಲು. ಸೆಕೆಂಡಿನ ಸಣ್ಣ ಚೂರು ಉದ್ದ ಅಷ್ಟೇ. ಆದ್ರೆ ಆಂಪ್ ಬದಲಾಯಿಸೋದಕ್ಕಿಂತ ಇದನ್ನ ಬದಲಾಯಿಸಿದ್ರೆ ಟೋನ್ ಹೆಚ್ಚು ಬದಲಾಗುತ್ತೆ, ಇದು ನಂಬೋಕೆ ಕಷ್ಟ, ಒಂದ್ಸಲ ಹಾಕಿ ಕೇಳಿದ ಮೇಲೆ ಒಪ್ಕೊಳ್ತೀರಿ. ಹಂಗಾಗಿ ಟೋನ್ ಸರಿ ಇಲ್ಲ ಅನ್ಸಿದ್ರೆ ಹೊಸ ಆಂಪ್ ಫೈಲ್ ಹುಡುಕೋ ಬದಲು ಮೊದ್ಲು ಐಆರ್ ಬದಲಾಯಿಸಿ.

ನೂರಾರು ಐಆರ್ ಇಳಿಸ್ಕೊಂಡು ರಾತ್ರಿ ಪೂರ್ತಿ ಒಂದೊಂದೇ ಒತ್ತುತ್ತಾ ಕೂರೋದು ಒಂದು ಕಾಯಿಲೆ. ವಿಂಟೇಜ್ 30 ಇರೋ 4x12 (12 ಇಂಚಿನ ನಾಲ್ಕು ಸ್ಪೀಕರ್) ಕ್ಯಾಬಿನೆಟ್‌ಗೆ ಶೂರ್ ಎಸ್‌ಎಂ57 ಮೈಕ್ ಇಟ್ಟ ಐಆರ್ ಒಂದು, ಹಿಂದೆ ತೆರೆದಿರೋ (ಓಪನ್ ಬ್ಯಾಕ್) ಫೆಂಡರ್ ತರದ್ದು ಒಂದು, ಗ್ರೀನ್‌ಬ್ಯಾಕ್ ಅನ್ನೋ ಸ್ಪೀಕರ್ ಇರೋದು ಒಂದು, ಇಷ್ಟು ಇಟ್ಕೊಂಡು ಶುರು ಮಾಡಿ. ಮೈಕು ಕೋನ್ ಮಧ್ಯಕ್ಕೆ ಇದ್ರೆ ಸೌಂಡ್ ಚುರುಕು, ಅಂಚಿನ ಕಡೆ ಹೋದ್ರೆ ಮಂದ, ಫೈಲ್ ಹೆಸರಲ್ಲೇ ಅದು ಬರೆದಿರುತ್ತೆ. ಆಮೇಲೆ 80 ಹರ್ಟ್ಜ್ ಕೆಳಗಿಂದು ಕತ್ತರಿಸಿ, ಮೇಲೆ ಕಿರಿಕಿರಿ ಇದ್ರೆ 7ರಿಂದ 10 ಕಿಲೋಹರ್ಟ್ಜ್ ನಡುವೆ ಎಲ್ಲಾದ್ರೂ ಹೈ ಕಟ್ ಹಾಕಿ.

ಎರಡೆರಡು ಸಲ ಮಾತ್ರ ಹಾಕ್ಬೇಡಿ. ಕಟಾನ ತರ ಒಳಗೇ ಸಿಮ್ಯುಲೇಶನ್ ಇರೋ ಔಟ್‌ಪುಟ್ ತಗೊಂಡು ಅದರ ಮೇಲೆ ಇನ್ನೊಂದು ಐಆರ್ ಹಾಕಿದ್ರೆ ಕಂಬಳಿ ಹೊದಿಸಿದಂಗೆ ಮಂಕಾಗುತ್ತೆ.

7. ಆಡಿಯೋ ಇಂಟರ್ಫೇಸು, ಲೇಟೆನ್ಸಿ

ಲ್ಯಾಪ್‌ಟಾಪ್‌ನ ಮೈಕ್ ಜಾಕ್‌ಗೆ ಗಿಟಾರ್ ಹಾಕೋ ಯೋಚನೆ ಬಿಟ್ಬಿಡಿ. ಗಿಟಾರ್‌ನ ಪ್ಯಾಸಿವ್ ಪಿಕಪ್‌ಗೆ (ತಂತಿ ಅಲುಗಾಟನ ಸಿಗ್ನಲ್ ಮಾಡೋ, ಬ್ಯಾಟರಿ ಬೇಡದ ಭಾಗ) 1 ಮೆಗಾಓಮ್ ಆಸುಪಾಸಿನ ಇನ್‌ಪುಟ್ ಬೇಕು, ಅದನ್ನೇ ಇಂಟರ್ಫೇಸ್ ಮೇಲೆ ಇನ್‌ಸ್ಟ್ರುಮೆಂಟ್ ಅಥವಾ ಹೈ ಝಡ್ ಅಂತ ಬರೆದಿರ್ತಾರೆ, ಕೆಲವು ಕಡೆ ಗಿಟಾರ್ ಚಿತ್ರ ಇರೋ ಬಟನ್. ಅದು ಆಫ್ ಇದ್ದು ಲೈನ್ ಇನ್‌ಪುಟ್‌ಗೆ ಹೋದ್ರೆ ಮೇಲಿನ ಹೊಳಪೆಲ್ಲಾ ಹೋಗಿ ಸೌಂಡ್ ಮಂಕಾಗುತ್ತೆ. ಲೋಡ್ ಬಾಕ್ಸ್, ಎಫ್‌ಎಕ್ಸ್ ಸೆಂಡ್, ಮಾಡೆಲರ್ ಔಟ್ ಇವೆಲ್ಲಾ ಉಲ್ಟಾ, ಲೈನ್ ಇನ್‌ಪುಟ್‌ಗೇ ಹೋಗ್ಬೇಕು. ಕಂಡೆನ್ಸರ್ ಮೈಕ್‌ಗೆ ಬೇಕಾದ 48 ವೋಲ್ಟ್ ಬಟನ್, ಯಂತ್ರದ ಮ್ಯಾನ್ಯುಯಲ್‌ನಲ್ಲಿ ಬೇಕು ಅಂತ ಬರೆದಿದ್ರೆ ಹೊರತು, ಆಫ್ ಇರಲಿ.

ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ ತರದ ಎರಡು ಇನ್‌ಪುಟ್‌ನದ್ದು ಮನೆಗೆ ಸಾಕು. ಎಂಟು ಇನ್‌ಪುಟ್‌ದು "ಮುಂದೆ ಬೇಕಾಗ್ಬೋದು" ಅಂತ ತಗೊಂಡೋರ ಮನೇಲಿ ಆರು ಇನ್‌ಪುಟ್ ಧೂಳು ತಿಂತಾ ಇರೋದು ನೋಡಿದೀನಿ.

ಲೇಟೆನ್ಸಿ ಅಂದ್ರೆ ತಂತಿ ಮೀಟಿದ್ದಕ್ಕೂ ಕಿವಿಗೆ ಬೀಳೋದಕ್ಕೂ ನಡುವಿನ ತಡ. 48 ಕಿಲೋಹರ್ಟ್ಜ್‌ನಲ್ಲಿ ಬಫರ್ (ಕಂಪ್ಯೂಟರ್ ಒಂದೊಂದು ಸಲಕ್ಕೆ ಕೂಡಿಟ್ಕೊಳ್ಳೋ ಸೌಂಡ್ ಚೂರುಗಳ ಲೆಕ್ಕ) 128 ಇಟ್ರೆ ಒಂದು ಕಡೆಗೆ 2.7 ಮಿಲಿಸೆಕೆಂಡ್, ಹೋಗೋದು ಬರೋದು ಡ್ರೈವರ್ ಎಲ್ಲಾ ಸೇರಿ ಒಳ್ಳೆ ಇಂಟರ್ಫೇಸ್‌ನಲ್ಲಿ ಸುಮಾರು 10ರ ಒಳಗೆ ನಿಲ್ಲುತ್ತೆ. ಗಾಳಿಯಲ್ಲಿ ಸೌಂಡ್ ಒಂದು ಮೀಟರ್ ಹೋಗೋಕೆ 3 ಮಿಲಿಸೆಕೆಂಡ್ ತಗೊಳ್ಳುತ್ತೆ, ಅಂದ್ರೆ 10 ಮಿಲಿಸೆಕೆಂಡ್ ಅಂದ್ರೆ ಆಂಪ್‌ನಿಂದ ಮೂರು ಚಿಲ್ಲರೆ ಮೀಟರ್ ದೂರ ನಿಂತಂಗೆ, ಸ್ಟೇಜ್ ಮೇಲೆ ಅಷ್ಟು ದೂರ ಎಲ್ರೂ ನಿಂತಿರ್ತಾರೆ. 512 ಬಫರ್ ಇಟ್ಟು ನುಡ್ಸಿದ್ರೆ ಮಾತ್ರ ಕೈಗೂ ಕಿವಿಗೂ ಜಗಳ. ವಿಂಡೋಸ್‌ನಲ್ಲಿ ತಡ ಕಮ್ಮಿ ಮಾಡೋಕೆ ಇಂಟರ್ಫೇಸ್ ಕಂಪನಿಯವರದ್ದೇ ಎಎಸ್‌ಐಒ ಡ್ರೈವರ್ ಹಾಕಿ. ನುಡ್ಸೋವಾಗ 64 ಅಥವಾ 128, ಮಿಕ್ಸ್ ಮಾಡೋವಾಗ 512ಕ್ಕೆ ಏರಿಸಿ.

ಬ್ಲೂಟೂತ್ ಇಯರ್‌ಬಡ್ ಹಾಕ್ಕೊಂಡು "ಲೇಟ್ ಆಗಿ ಕೇಳುತ್ತೆ, ಇಂಟರ್ಫೇಸ್ ಡಬ್ಬಾ" ಅನ್ನಬೇಡಿ. ಸಾಮಾನ್ಯ ಬ್ಲೂಟೂತ್‌ನಲ್ಲೇ 100 ಮಿಲಿಸೆಕೆಂಡ್ ಮೇಲೆ ಹೋಗುತ್ತೆ. ವೈರ್ ಇರೋದೇ ಬೇಕು.

8. ಹೆಡ್‌ಫೋನ್‌ಗೆ ಜಿಪುಣತನ ಬೇಡ

ಕೊನೆಗೆ ಕಿವಿಗೆ ಬೀಳೋದು ಇದರಿಂದಲೇ, ಆದ್ರೂ ಬಜೆಟ್‌ನಲ್ಲಿ ಉಳಿದ ಚಿಲ್ಲರೆಗೆ ತಗೊಳ್ಳೋದು ಇದನ್ನೇ. ಫೋನ್ ಜೊತೆ ಬರೋ ಬಾಸ್ (ತಗ್ಗು ಸ್ವರ) ಜಾಸ್ತಿ ಇರೋ ಇಯರ್‌ಫೋನ್‌ನಲ್ಲಿ ಟೋನ್ ಸೆಟ್ ಮಾಡಿದ್ರೆ ಬೇರೆ ಕಡೆ ಕೇಳಿದಾಗ ತೆಳ್ಳಗೆ ಇರುತ್ತೆ.

ಓಪನ್ ಬ್ಯಾಕ್ ಹೆಡ್‌ಫೋನ್ ಆರಾಮ, ಗಾಳಿ ಆಡುತ್ತೆ, ಸೌಂಡ್ ರೂಮಿನಲ್ಲಿ ಕೂತಂಗೆ ಹರಡುತ್ತೆ, ಆದ್ರೆ ಹೊರಗೂ ಸೋರುತ್ತೆ. ಒಂದೇ ರೂಮಲ್ಲಿ ತಮ್ಮ ಮಲಗಿರ್ತಾನೆ ಅಂದ್ರೆ ಕ್ಲೋಸ್ಡ್ ಬ್ಯಾಕ್ ತಗೊಳ್ಳಿ. ಆಡಿಯೋ ಟೆಕ್ನಿಕಾ ಎಂ40ಎಕ್ಸ್, ಬೇಯರ್‌ಡೈನಾಮಿಕ್ ಡಿಟಿ 770 ಪ್ರೋ ಎರಡೂ ಸ್ಟುಡಿಯೋಗಳಲ್ಲಿ ನೋಡೋಕೆ ಸಿಗೋವೇ. ಡಿಟಿ 770 ಆದ್ರೆ 32, 80, 250 ಓಮ್ ಅಂತ ಬೇರೆ ಬೇರೆ ಬರುತ್ತೆ, ಯುಎಸ್‌ಬಿ ಪವರ್‌ನಲ್ಲಿ ಓಡೋ ಸಣ್ಣ ಇಂಟರ್ಫೇಸ್‌ಗೆ 250 ತಗೊಂಡ್ರೆ ಸೌಂಡ್ ಸಾಲಲ್ಲ, 80 ಸಾಕು.

ಮತ್ತೆ ಕಿವಿ. ಸದ್ದಿಲ್ಲ ಅಂತ ನಾವು ಅನ್ಕೊಂಡಿರೋದು ಪಕ್ಕದ್ಮನೆಯವರ ಲೆಕ್ಕ, ನಮ್ಮ ಕಿವಿಯೊಳಗೆ ಫುಲ್ ಆರ್ಕೆಸ್ಟ್ರಾನೇ. ಅಮೆರಿಕದ ನಿಯೋಶ್ ಸಂಸ್ಥೆ ಹಾಕಿರೋ ಮಿತಿ 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ, ಪ್ರತಿ 3 ಡೆಸಿಬಲ್ ಏರಿದ್ರೆ ಟೈಮ್ ಅರ್ಧ, 91ಕ್ಕೆ ಬಂದ್ರೆ 2 ಗಂಟೆ ಮಾತ್ರ. ಹೆಡ್‌ಫೋನ್ ತೆಗೆದ ಮೇಲೆ ಕುಂಯ್ ಅಂತಿದ್ರೆ ವಾಲ್ಯೂಮ್ ಜಾಸ್ತಿ ಆಗೈತೆ ಅಂತಲೇ ಅರ್ಥ.

9. ಹಮ್ಮು, ಬಜ್ಜು: ಇದು ಗೇರ್‌ದಲ್ಲ, ಮನೆ ವೈರಿಂಗ್‌ದು

ಹೊಸ ಇಂಟರ್ಫೇಸ್ ಬಂತು, ಹಾಕಿದ್ರೆ ಗುಂಯ್ ಅಂತೈತೆ. ವಾಪಸ್ ಕಳ್ಸೋಕೆ ಮುಂಚೆ ಹಿಂಗೆ ಮಾಡಿ. ಗಿಟಾರ್ ವಾಲ್ಯೂಮ್ ಸೊನ್ನೆ ಮಾಡಿ, ಹಮ್ ಹೋಯ್ತಾ? ಹೋದ್ರೆ ಪಿಕಪ್ ಹಿಡೀತಾ ಇರೋದು. ಕೂತಲ್ಲೇ ಗಿಟಾರ್ ಸಮೇತ ನಿಧಾನಕ್ಕೆ ಸುತ್ತು ತಿರುಗಿ, ಒಂದು ದಿಕ್ಕಲ್ಲಿ ಹಮ್ ತೀರಾ ಕಮ್ಮಿ ಆಗುತ್ತೆ, ಅಲ್ಲೇ ಕೂತು ರೆಕಾರ್ಡ್ ಮಾಡಿ, ಸಿಂಗಲ್ ಕಾಯಿಲ್ ಪಿಕಪ್ ಇರೋರಿಗೆ ಇದೇ ದೊಡ್ಡ ಮದ್ದು. ಆಮೇಲೆ ಸೀಲಿಂಗ್ ಫ್ಯಾನ್ ಆಫ್ ಮಾಡಿ ನೋಡಿ, ತಿರುಗಿಸೋ ಎಲೆಕ್ಟ್ರಾನಿಕ್ ರೆಗ್ಯುಲೇಟರು ಮಧ್ಯದ ಸ್ಪೀಡ್‌ನಲ್ಲಿ ಇರೋವಾಗ ಸಿಕ್ಕಾಪಟ್ಟೆ ಬಜ್ ಬಿಡುತ್ತೆ, ಫುಲ್‌ನಲ್ಲಿ ಇಟ್ರೆ ಎಷ್ಟೋ ವಾಸಿ. ಹಳೇ ಟ್ಯೂಬ್‌ಲೈಟು, ಡಿಮ್ಮರ್ ಇರೋ ಎಲ್‌ಇಡಿ ಬಲ್ಬು ಅದೂ ಇದೇ ಗುಂಪು.

ಗಿಟಾರ್ ವಾಲ್ಯೂಮ್ ಸೊನ್ನೆ ಮಾಡಿದ್ರೂ ಹಮ್ ಇದ್ರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ಹೋಯ್ತು ಅಂದ್ರೆ ಟೇಕ್ ಬ್ಯಾಟರಿ ಮೇಲೆ ತಗೊಳ್ಳಿ, ಇಲ್ಲಾ ಆಂಪು, ಲ್ಯಾಪ್‌ಟಾಪು, ಮಾನಿಟರ್ ಎಲ್ಲಾ ಒಂದೇ ಸ್ಪೈಕ್ ಬಸ್ಟರ್‌ಗೆ ಹಾಕಿ, ಗ್ರೌಂಡ್ ಲೂಪ್ (ಬೇರೆ ಬೇರೆ ಅರ್ಥ್ ದಾರಿಗಳಿಂದ ಹುಟ್ಟೋ ಹಮ್) ಕಮ್ಮಿ ಆಗುತ್ತೆ. ಕರೆಂಟ್ ಹೋಗಿ ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಓಡ್ತಾ ಇದ್ರೆ ಆ ಟೈಮಲ್ಲಿ ರೆಕಾರ್ಡ್ ಮಾಡೋದೇ ಬೇಡ.

ಹಳೇ ಮನೆಗಳಲ್ಲಿ ಮೂರು ಪಿನ್ ಸಾಕೆಟ್ ಇರುತ್ತೆ, ಮೇಲಿನ ತೂತಿಗೆ ಅರ್ಥಿಂಗ್ ವೈರೇ ಬಂದಿರಲ್ಲ. ಎಲೆಕ್ಟ್ರಿಷಿಯನ್ ಕರ್ಸಿ ಚೆಕ್ ಮಾಡಿಸಿ, ಇದು ಸೌಂಡ್‌ಗಿಂತ ಜೀವದ ಪ್ರಶ್ನೆ, ಗಿಟಾರ್ ತಂತಿ ಆಂಪ್‌ನ ಗ್ರೌಂಡ್‌ಗೆ ಕೂಡಿರುತ್ತೆ, ನಿಮ್ಮ ಕೈ ತಂತಿ ಮೇಲಿರುತ್ತೆ. ಹಮ್ ಹೋಗುತ್ತೆ ಅಂತ ಆಂಪ್‌ನ ಅರ್ಥ್ ಪಿನ್ ಕಿತ್ತು ಹಾಕೋ ಸಲಹೆ ಯಾರಾದ್ರೂ ಕೊಟ್ರೆ ಅವ್ರಿಗೆ ದೂರದಿಂದ ಕೈ ಮುಗೀರಿ. ಅಮೆರಿಕದಿಂದ ಮಾವನೋ ಅಣ್ಣನೋ ತಂದ ಆಂಪ್ ಆದ್ರೆ ಹಿಂದೆ 120 ವೋಲ್ಟ್ ಅಂತಿರುತ್ತೆ, ನಮ್ದು 230, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಲ್ದೆ ಪ್ಲಗ್ ಮುಟ್ಟಬೇಡಿ.

10. ಈಗ ರೆಕಾರ್ಡ್ ಮಾಡಿ

ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಇಳಿಸ್ಕೊಳ್ಳಿ, 60 ದಿನ ಫ್ರೀಯಾಗಿ ನೋಡಬಹುದು. ಪ್ರಾಜೆಕ್ಟ್ 48 ಕಿಲೋಹರ್ಟ್ಜ್, 24 ಬಿಟ್. ನೀವು ಎಷ್ಟು ಜೋರಾಗಿ ಹೊಡೀತೀರೋ ಅಷ್ಟು ಜೋರಾಗಿ ಹೊಡೆದು ಗೇನ್ ತಿರುಗಿಸಿ, ಮೀಟರ್‌ನಲ್ಲಿ ಪೀಕ್ ಮೈನಸ್ 12 ಡೆಸಿಬಲ್ ಹತ್ರ ನಿಲ್ಲಲಿ, ಕೆಂಪು ದೀಪ ಯಾವತ್ತೂ ಹತ್ತಬಾರದು, 24 ಬಿಟ್‌ನಲ್ಲಿ ಕಮ್ಮಿ ಲೆವೆಲ್‌ನಿಂದ ನಷ್ಟ ಏನಿಲ್ಲ.

ಪ್ಲಗಿನ್‌ನಲ್ಲಿ ನುಡ್ಸೋರು ಇಂಟರ್ಫೇಸ್ ಮೇಲಿನ ಡೈರೆಕ್ಟ್ ಮಾನಿಟರ್ (ಸಿಗ್ನಲ್‌ನ ಕಂಪ್ಯೂಟರ್ ಸುತ್ತಿಸದೆ ನೇರ ಹೆಡ್‌ಫೋನ್‌ಗೆ ಬಿಡೋದು) ಆಫ್ ಮಾಡಿ. ಆನ್ ಇದ್ರೆ ಒಂದು ಕಡೆ ಬರೀ ಗಿಟಾರ್‌ನ ಟಿಣ್ ಟಿಣ್, ಸ್ವಲ್ಪ ತಡೆದು ಪ್ಲಗಿನ್‌ನ ಸೌಂಡ್, ಎರಡೂ ಸೇರಿ ಕಲಸುಮೇಲೋಗರ ಆಗುತ್ತೆ. ಮಾಡೆಲರ್, ಲೋಡ್ ಬಾಕ್ಸ್‌ನಿಂದ ರೆಡಿ ಸೌಂಡ್ ಬರ್ತಿದ್ರೆ ಉಲ್ಟಾ, ಡೈರೆಕ್ಟ್ ಮಾನಿಟರ್ ಆನ್ ಇಟ್ರೆ ಲೇಟೆನ್ಸಿ ಕಾಟವೇ ಇಲ್ಲ, ಸಾಫ್ಟ್‌ವೇರ್ ಮಾನಿಟರ್ ಆಫ್ ಮಾಡ್ಬೇಕು ಅಷ್ಟೇ.

ಸಾಧ್ಯ ಆದ್ರೆ ಪ್ರತಿ ಸಲ ಡ್ರೈ ಸಿಗ್ನಲ್ (ಆಂಪ್ ಸೇರದ ಬರೀ ಗಿಟಾರ್ ಸೌಂಡ್) ಇನ್ನೊಂದು ಟ್ರ್ಯಾಕ್‌ನಲ್ಲಿ ಇಟ್ಕೊಳ್ಳಿ. ನಾಳೆ ಬೆಳಿಗ್ಗೆ ಎದ್ದು ಕೇಳಿದಾಗ ಗೇನ್ ಜಾಸ್ತಿ ಆಯ್ತು ಅನ್ಸೇ ಅನ್ಸುತ್ತೆ, ಆಗ ಮತ್ತೆ ನುಡ್ಸೋ ಬದಲು ಆಂಪ್ ಮಾತ್ರ ಬದಲಾಯಿಸಬಹುದು. ರಿದಮ್ ದಪ್ಪ ಕೇಳ್ಸಬೇಕಂದ್ರೆ ಒಂದೇ ಟೇಕ್ ಕಾಪಿ ಮಾಡಿ ಎಡಬಲ ಇಟ್ರೆ ಆಗಲ್ಲ, ಅದು ಮತ್ತೆ ಮಧ್ಯಕ್ಕೇ ಬಂದು ಕೂರುತ್ತೆ, ಎರಡು ಸಲ ಬೇರೆ ಬೇರೆ ನುಡ್ಸಿ ಒಂದನ್ನ ಎಡಕ್ಕೆ ಒಂದನ್ನ ಬಲಕ್ಕೆ ಹಾಕಿ, ಗೇನ್ ನೀವು ಅನ್ಕೊಂಡಿದ್ದಕ್ಕಿಂತ ಕಮ್ಮಿ ಇಡಿ. ಮೆಲ್ಲಗೆ ಕೇಳೋವಾಗ ನಮ್ಮ ಕಿವಿಗೆ ಬಾಸು, ಹೈ ಕಮ್ಮಿ ಕೇಳುತ್ತೆ, ಹಂಗಾಗಿ ರಾತ್ರಿ ಮೆಲ್ಲಗೆ ಇಟ್ಟು ಸೆಟ್ ಮಾಡಿದ ಟೋನ್‌ನ ಹಗಲು ಕಾರಲ್ಲೋ ಫೋನಲ್ಲೋ ಒಂದ್ಸಲ ಕೇಳಿ ಆಮೇಲೆ ಓಕೆ ಅನ್ನಿ.

ದುಡ್ಡಿನ ಕ್ರಮ ಕೇಳೋರಿಗೆ: ಏನೂ ಇಲ್ದೋರು ಮೊದ್ಲು ಇಂಟರ್ಫೇಸು, ಹೆಡ್‌ಫೋನು, ಫ್ರೀ ಪ್ಲಗಿನ್. ಸ್ಟೇಜ್‌ಗೂ ಬೇಕು ಅಂದ್ರೆ ಯುಎಸ್‌ಬಿ ಇರೋ ಮಾಡೆಲರು, ಹೆಡ್‌ಫೋನು, ಇಂಟರ್ಫೇಸ್ ಬೇಡವೇ ಬೇಡ. ಟ್ಯೂಬ್ ಆಂಪ್ ಇರೋರು ಒಳಗೇ ಐಆರ್ ಇರೋ ರಿಯಾಕ್ಟಿವ್ ಲೋಡ್ ಬಾಕ್ಸು, ಸ್ಪೀಕರ್ ಕೇಬಲ್ಲು, ಹೆಡ್‌ಫೋನು, ರೆಕಾರ್ಡ್ ಮಾಡೋ ಆಸೆ ಬಂದಾಗ ಇಂಟರ್ಫೇಸು. ಮಹಡಿ ಮೇಲಿನ ಮನೇಲಿ ಇರೋರಿಗೆ ಇನ್ನೊಂದು ಸಾಮಾನು ಸೇರಿಸ್ಕೊಳ್ಳಿ, ಕಾಲಡಿಗೆ ಒಂದು ದಪ್ಪ ಚಾಪೆ, ಯಾಕಂದ್ರೆ ಆಂಪ್ ಎಷ್ಟು ಸೈಲೆಂಟ್ ಆದ್ರೂ ತಾಳಕ್ಕೆ ಕಾಲು ಕುಟ್ಟೋ ಸದ್ದು ಕೆಳಗಿನ ಮನೆಯವರಿಗೆ ಚೆನ್ನಾಗೇ ಕೇಳುತ್ತೆ.